‘ಸ್ವಲ್ಪ ಜಾರುತ್ತದೆ’ ಎಂದರೆ ಎಷ್ಟು?

ಮಕ್ಕಳೇ, ಶಾಲೆಯ ನೀರಿನ ತೊಟ್ಟಿಯ ಪಕ್ಕದ ಚಪ್ಪಡಿ ಕಲ್ಲನ್ನು ಮಳೆಗಾಲದಲ್ಲಿ ನೋಡಿದ್ದೀರಲ್ಲವೇ? ಪಾಚಿ ಕಟ್ಟಿ ಹಸಿರಾಗಿರುತ್ತದೆ. ಒಂದು ಮಳೆಗಾಲದಲ್ಲಿ ಶಾಲೆಯೊಂದಕ್ಕೆ ಹೋಗಿದ್ದಾಗ ಆರನೆಯ ತರಗತಿಯ ಮಕ್ಕಳನ್ನು ಅಂಥ ಒಂದು ಕಲ್ಲಿನ ಮುಂದೆ ನಿಲ್ಲಿಸಿ ಕೇಳಿದೆ: “ಈ ಕಲ್ಲು ಎಷ್ಟು ಜಾರುತ್ತದೆ?”

“ತುಂಬಾ ಜಾರುತ್ತೆ ಸಾರ್” ಎಂದಳು ಒಬ್ಬಳು. “ಏನಿಲ್ಲ ಸಾರ್, ಸ್ವಲ್ಪ” ಎಂದ ಇನ್ನೊಬ್ಬ. ಮೂರನೆಯವನು ಹಿಂದಿನ ವಾರ ಅಲ್ಲೇ ಬಿದ್ದವನು. ಅವನು ಬಾಯಿ ತೆರೆಯಲಿಲ್ಲ, ತರಚಿದ ಮೊಣಕೈಯನ್ನು ಎತ್ತಿ ತೋರಿಸಿದ.

ಮೂವರೂ ನೋಡಿದ್ದು ಒಂದೇ ಕಲ್ಲನ್ನು. ಮೂವರೂ ಸುಳ್ಳು ಹೇಳಲಿಲ್ಲ. ಆದರೂ ಆ ಕಲ್ಲಿನ ಮೇಲೆ ಕಾಲಿಡಬೇಕೋ ಬೇಡವೋ ಎಂದು ಹೊಸದಾಗಿ ಬಂದ ಒಬ್ಬರಿಗೆ ಅವರ ಉತ್ತರಗಳಿಂದ ಗೊತ್ತಾಗುವುದಿಲ್ಲ. ‘ತುಂಬಾ’, ‘ಸ್ವಲ್ಪ’ ಎಂಬ ಮಾತುಗಳನ್ನು ನಾವು ದಿನವೂ ಆಡುತ್ತೇವೆ. ನೀರಿನ ತೊಟ್ಟಿಯ ಬಳಿ ಅದರಿಂದ ಆಗುವ ನಷ್ಟ ಹೆಚ್ಚೆಂದರೆ ಒಂದು ಮೊಣಕೈ. ಆದರೆ ಇಂಥವೇ ಮಾತುಗಳನ್ನು ನಂಬಿ ಮಂಜುಗಡ್ಡೆ ಕಟ್ಟಿದ ನೆಲದ ಮೇಲೆ ವಿಮಾನಗಳು ಇಳಿಯುತ್ತಿದ್ದವು ಎಂದರೆ ನಂಬುತ್ತೀರಾ? ಅದೂ ಬಹಳ ಹಿಂದಿನ ಮಾತಲ್ಲ.

2007ರ ಏಪ್ರಿಲ್ 12. ನಡುರಾತ್ರಿ ಕಳೆದು ಮುಕ್ಕಾಲು ಗಂಟೆಯಾಗುತ್ತಿತ್ತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ದೊಡ್ಡ ಸರೋವರದ ದಂಡೆಯ ಮೇಲೆ ಟ್ರಾವರ್ಸ್ ಸಿಟಿ ಎಂಬ ಊರಿದೆ. ನಮ್ಮಲ್ಲಿ ಏಪ್ರಿಲ್ ಎಂದರೆ ಬಿರುಬೇಸಿಗೆ. ಅಲ್ಲಿ ಆ ರಾತ್ರಿ ಹಿಮ ಸುರಿಯುತ್ತಿತ್ತು. ಮಿನಿಯಾಪೊಲಿಸ್ ನಗರದಿಂದ ಹೊರಟ ಪಿನಾಕಲ್ ಏರ್‌ಲೈನ್ಸ್ ಕಂಪನಿಯ ಒಂದು ಚಿಕ್ಕ ಜೆಟ್ ವಿಮಾನ ಅಲ್ಲಿಗೆ ಬರುತ್ತಿತ್ತು. ಐವತ್ತು ಸೀಟಿನ ವಿಮಾನ, ನಮ್ಮ ಒಂದು ಕೆಂಪು ಬಸ್ಸಿನಲ್ಲಿ ಹಿಡಿಸುವಷ್ಟೇ ಜನ. ಆ ರಾತ್ರಿ ಅದರಲ್ಲಿ ಸಿಬ್ಬಂದಿ ಸೇರಿ 52 ಮಂದಿ ಇದ್ದರು. ಅವರಲ್ಲಿ ಮೂರು ಕೂಸುಗಳು ದೊಡ್ಡವರ ತೊಡೆಯ ಮೇಲಿದ್ದವು.

ಅದು ದೊಡ್ಡ ವಿಮಾನ ನಿಲ್ದಾಣವಲ್ಲ. ವಿಮಾನಗಳಿಗೆ ಸೂಚನೆ ಕೊಡುವ ನಿಯಂತ್ರಣ ಗೋಪುರವನ್ನು ಆ ಹೊತ್ತಿಗಾಗಲೇ ಮುಚ್ಚಿದ್ದರು. ರನ್‌ವೇ ಮೇಲೆ ಹಿಮ ತೆಗೆಯುವ ವಾಹನಗಳಲ್ಲಿದ್ದ ಕೆಲಸಗಾರರೇ ರೇಡಿಯೋದಲ್ಲಿ ಪೈಲಟ್‌ಗಳ ಜೊತೆ ಮಾತನಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಂಚೆ ಬ್ರೇಕು ಎಷ್ಟು ಹಿಡಿಯುತ್ತದೆಂದು ಅಳೆದಾಗ ಪರವಾಗಿಲ್ಲ ಎನ್ನುವ ಅಂಕಿಯೇ ಬಂದಿತ್ತು. ಆದರೆ ಹಿಮ ಬೀಳುತ್ತಲೇ ಇತ್ತು. ತೆಗೆದ ಜಾಗ ಮತ್ತೆ ತುಂಬಿಕೊಳ್ಳುತ್ತಿತ್ತು. ಕೆಳಗಿನಿಂದ ಬಂದ ಮಾತು ಬರಬರುತ್ತಾ ಬದಲಾಯಿತು. ಕೊನೆಗೆ ‘ನಿಲ್’ ಎಂಬ ಶಬ್ದವೂ ಬಂತು.

ವಿಮಾನದವರ ಭಾಷೆಯಲ್ಲಿ ‘ನಿಲ್’ ಎಂದರೆ ಸೊನ್ನೆ, ಬ್ರೇಕಿಗೆ ಹಿಡಿತವೇ ಇಲ್ಲ ಎಂದು ಅರ್ಥ. ಅಂಥ ನೆಲದ ಮೇಲೆ ಇಳಿಯಬಾರದು. ಆದರೆ ಆ ಶಬ್ದ ಬಂದ ರೀತಿ ಹೇಗಿತ್ತೆಂದರೆ, ಅದು ಅಳೆದು ಹೇಳಿದ್ದೋ ಅಂದಾಜಿನ ಮಾತೋ ಎಂಬುದು ಸ್ಪಷ್ಟವಾಗಿರಲಿಲ್ಲ. ಪೈಲಟ್‌ಗಳು 14 ಗಂಟೆಗೂ ಹೆಚ್ಚು ಹೊತ್ತು ಕೆಲಸದ ಮೇಲಿದ್ದು ದಣಿದಿದ್ದರು. ಇಷ್ಟು ಹಿಮದಲ್ಲಿ ನಿಲ್ಲಲು ಎಷ್ಟು ಉದ್ದ ಬೇಕು ಎಂಬ ಲೆಕ್ಕವನ್ನು ಅವರ ಕಂಪನಿಯ ನಿಯಮದಂತೆ ಮಾಡಲೇಬೇಕಿತ್ತು. ಅದನ್ನು ಮಾಡದೆಯೇ ಅವರು ವಿಮಾನವನ್ನು ಇಳಿಸಿದರು. ರನ್‌ವೇ ಉದ್ದ 6,501 ಅಡಿ, ಎಂದರೆ ಎರಡು ಕಿಲೋಮೀಟರಿಗೆ ಚೂರು ಕಡಿಮೆ. ವಿಮಾನ ಅದನ್ನೂ ದಾಟಿ ಹೊರಗಿನ ಹಿಮದಲ್ಲಿ ನುಗ್ಗಿ ನಿಂತಿತು. ಮೂತಿಯ ಕೆಳಗಿನ ಚಕ್ರ ಕಿತ್ತುಹೋಯಿತು. ಅದೃಷ್ಟಕ್ಕೆ ಯಾರಿಗೂ ಗಾಯವಾಗಲಿಲ್ಲ.

ಅಪಘಾತಗಳ ತನಿಖೆ ಮಾಡುವ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಮುಖ್ಯ ಕಾರಣವೆಂದು ಹೇಳಿದ್ದು ಪೈಲಟ್‌ಗಳು ಲೆಕ್ಕ ಮಾಡದೆ ಇಳಿಯಲು ತೀರ್ಮಾನಿಸಿದ್ದನ್ನು. ಅವರ ದಣಿವನ್ನೂ ಅದು ಎತ್ತಿ ಹೇಳಿತು. ಅದರ ಜೊತೆಗೆ ಇನ್ನೊಂದನ್ನೂ ಸೇರಿಸಿತು: ನೆಲದ ಮೇಲಿದ್ದವರು ರೇಡಿಯೋದಲ್ಲಿ ಬಳಸಿದ ಮಾತುಗಳು ಅಸ್ಪಷ್ಟವಾಗಿದ್ದವು. ಒಂದು ವಿಮಾನ ಅಪಘಾತದ ಕಾರಣಗಳಲ್ಲಿ ‘ಅಸ್ಪಷ್ಟ ಮಾತು’ ಎಂಬುದೂ ಒಂದು! ಪತ್ರಿಕೆಗಳಲ್ಲಿ ಇಂಥ ಸುದ್ದಿ ಬಂದರೆ ‘ಪೈಲಟ್ ತಪ್ಪು’ ಎಂದು ದಪ್ಪ ಅಕ್ಷರದಲ್ಲಿ ಹಾಕಿ ಮುಗಿಸುತ್ತಾರೆ. ನನಗೆ ಅದು ಅರ್ಧ ಉತ್ತರ ಎನ್ನಿಸುತ್ತದೆ.

ಜಾರುವ ನೆಲಕ್ಕೆ ಸರಿಯಾದ ಮಾತು ಯಾಕೆ ಅಷ್ಟು ಮುಖ್ಯ? ಅದಕ್ಕೆ ಒಂದು ಲೆಕ್ಕ ಮಾಡೋಣ. ಹೆದರಬೇಡಿ, ಗುಣಾಕಾರ ಭಾಗಾಕಾರ ಬಂದರೆ ಸಾಕು.

ಬ್ರೇಕು ಹಾಕಿದಾಗ ಗಾಡಿಯನ್ನು ನಿಲ್ಲಿಸುವುದು ಚಕ್ರ ಮತ್ತು ನೆಲದ ನಡುವಿನ ಘರ್ಷಣೆ. ಈ ಹಿಡಿತವನ್ನು ಒಂದು ಅಂಕಿಯಿಂದ ಹೇಳುತ್ತಾರೆ. ಅದಕ್ಕೆ ಘರ್ಷಣಾ ಗುಣಾಂಕ ಎಂದು ಹೆಸರು. ಒಣಗಿದ ರನ್‌ವೇ ಮೇಲೆ ಬ್ರೇಕು ಹಾಕಿದ ವಿಮಾನಕ್ಕೆ ಇದು ಸುಮಾರು 0.4 ಎಂದಿಟ್ಟುಕೊಳ್ಳಿ. ಮಂಜುಗಡ್ಡೆಯ ಮೇಲೆ 0.05ಕ್ಕೂ ಇಳಿಯಬಹುದು. ಈಗ ವಿಮಾನದ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದುಕೊಂಡು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು 20ರಿಂದ ಭಾಗಿಸಿ. ಮತ್ತೆ ಹಿಡಿತದ ಅಂಕಿಯಿಂದ ಭಾಗಿಸಿ. ನಿಲ್ಲಲು ಬೇಕಾದ ದೂರ ಮೀಟರಿನಲ್ಲಿ ಬರುತ್ತದೆ. (20 ಎಲ್ಲಿಂದ ಬಂತು? ಭೂಮಿಯ ಗುರುತ್ವದ ವೇಗವರ್ಧನೆಯನ್ನು ಸುಮಾರು 10 ಎಂದು ಹಿಡಿದು ಎರಡರಿಂದ ಗುಣಿಸಿದ್ದೇವೆ. ಪೂರ್ತಿ ವಿವರ ಪ್ರೌಢಶಾಲೆಯಲ್ಲಿ ಸಿಗುತ್ತದೆ.)

ಟ್ರಾವರ್ಸ್ ಸಿಟಿಗೆ ಬಂದಂಥ ಚಿಕ್ಕ ಜೆಟ್ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 60 ಮೀಟರ್ ವೇಗದಲ್ಲಿರುತ್ತದೆ. 60ನ್ನು 60ರಿಂದ ಗುಣಿಸಿದರೆ 3,600. ಒಣ ನೆಲದಲ್ಲಿ ಲೆಕ್ಕ ಮಾಡಿದರೆ 450 ಮೀಟರ್. ಮಂಜುಗಡ್ಡೆಯ ಮೇಲೆ? 3,600 ಮೀಟರ್! ರನ್‌ವೇ ಇರುವುದು ಎರಡು ಸಾವಿರ ಮೀಟರಿಗಿಂತ ಕಡಿಮೆ.

ಇದು ಬ್ರೇಕೊಂದರ ಲೆಕ್ಕ ಎಂಬುದನ್ನು ಮರೆಯಬೇಡಿ. ನಿಜವಾದ ವಿಮಾನಕ್ಕೆ ಎದುರು ಗಾಳಿಯ ತಡೆ ಇದೆ. ಜೆಟ್ ವಿಮಾನಗಳಲ್ಲಿ ಎಂಜಿನ್ನಿನ ಗಾಳಿಯನ್ನು ಮುಂದಕ್ಕೆ ತಿರುಗಿಸಿ ವೇಗ ತಗ್ಗಿಸುವ ಏರ್ಪಾಡೂ ಇರುತ್ತದೆ. ಅದಕ್ಕೆ ರಿವರ್ಸ್ ಥ್ರಸ್ಟ್ ಎನ್ನುತ್ತಾರೆ. ಆದ್ದರಿಂದ ನಿಜವಾಗಿ ಬೇಕಾಗುವ ದೂರ ಇದಕ್ಕಿಂತ ಕಡಿಮೆ. ಆದರೆ ಒಣ ನೆಲಕ್ಕೂ ಮಂಜುಗಡ್ಡೆಗೂ ಇರುವ ಅಂತರ ಎಂಥದು ಎಂಬುದು ನಿಮಗೆ ಕಂಡಿತಲ್ಲ? ‘ಸ್ವಲ್ಪ ಜಾರುತ್ತದೆ’ ಎಂಬ ಮಾತು 450 ಮತ್ತು 3,600ರ ನಡುವೆ ಎಲ್ಲಿ ಬೇಕಾದರೂ ಇರಬಹುದು.

ಇನ್ನೂ ಚಿಕ್ಕದಾದ, ನಾಲ್ಕು ಜನ ಕೂರುವ ಪ್ರೊಪೆಲ್ಲರ್ ವಿಮಾನಕ್ಕೂ ಲೆಕ್ಕ ಮಾಡಿ ನೋಡಿ. ಅದು ನೆಲ ಮುಟ್ಟುವ ವೇಗ ಸೆಕೆಂಡಿಗೆ 30 ಮೀಟರ್ ಇರಲಿ. ವೇಗ ಅರ್ಧವಾದರೆ ದೂರ ಕಾಲು ಭಾಗವಾಗುತ್ತದೆ. ಒಣ ನೆಲದಲ್ಲಿ 112 ಮೀಟರ್ ಸಾಕು, ಮಂಜುಗಡ್ಡೆಯ ಮೇಲೆ 900 ಮೀಟರ್. ಹಾಗಾದರೆ ಚಿಕ್ಕ ವಿಮಾನಗಳು ಬಹಳ ಸುರಕ್ಷಿತವೇ? ಅಲ್ಲ. ಅಂಥ ವಿಮಾನಗಳು ಇಳಿಯುವುದು ಹೆಚ್ಚಾಗಿ ಚಿಕ್ಕ ಊರುಗಳ ಗಿಡ್ಡ ರನ್‌ವೇಗಳಲ್ಲಿ. ಅಲ್ಲಿ ಹಿಮ ತೆಗೆಯುವ ವಾಹನಗಳು ಕಡಿಮೆ, ರಾತ್ರಿ ಕೆಲಸದವರು ಕಡಿಮೆ. ಆ ವಿಮಾನಗಳಿಗೆ ಸಾಮಾನ್ಯವಾಗಿ ರಿವರ್ಸ್ ಥ್ರಸ್ಟ್ ಇರುವುದಿಲ್ಲ. ಮೈ ಹಗುರವಾದ್ದರಿಂದ ಪಕ್ಕದಿಂದ ಬೀಸುವ ಗಾಳಿ ಸುಲಭವಾಗಿ ತಳ್ಳುತ್ತದೆ. ಒಣ ನೆಲವಾದರೆ ಚಕ್ರಗಳು ಕಚ್ಚಿಕೊಂಡು ಆ ಗಾಳಿಯನ್ನು ತಡೆಯುತ್ತವೆ. ಮಂಜುಗಡ್ಡೆಯ ಮೇಲೆ ಚಕ್ರಕ್ಕೆ ಕಚ್ಚಲು ಏನಿದೆ? ಹಾಗಾಗಿ ಚಿಕ್ಕ ವಿಮಾನಗಳು ರನ್‌ವೇಯ ತುದಿಯನ್ನು ದಾಟುವುದಷ್ಟೇ ಅಲ್ಲ, ಅಡ್ಡಕ್ಕೆ ಜಾರಿ ಬದಿಯ ಹಿಮದ ರಾಶಿಗೆ ಗುದ್ದುವುದೂ ಉಂಟು.

ನೀವು ಒಂದು ಪ್ರಶ್ನೆ ಕೇಳಬಹುದು: ಲೆಕ್ಕದಲ್ಲಿ ವಿಮಾನದ ತೂಕ ಎಲ್ಲೂ ಬರಲಿಲ್ಲವಲ್ಲ? ಬರಲಿಲ್ಲ. ತೂಕ ಹೆಚ್ಚಾದರೆ ನಿಲ್ಲಿಸಬೇಕಾದ ಹೊರೆ ಹೆಚ್ಚು, ಆದರೆ ನೆಲವನ್ನು ಒತ್ತುವ ಬಲವೂ ಅಷ್ಟೇ ಹೆಚ್ಚು, ಘರ್ಷಣೆಯೂ ಅಷ್ಟೇ ಹೆಚ್ಚು. ಎರಡೂ ಸರಿಹೋಗುತ್ತವೆ. ಶಿಕ್ಷಕರ ತರಬೇತಿಯಲ್ಲಿ ಇದನ್ನು ಕೇಳಿದಾಗ ಅರ್ಧ ಜನ ಒಪ್ಪುವುದಿಲ್ಲ. ನಿಮ್ಮ ಮೇಷ್ಟ್ರನ್ನೂ ಕೇಳಿ ನೋಡಿ.

ಮಂಜುಗಡ್ಡೆ ಯಾಕೆ ಇಷ್ಟು ಜಾರುತ್ತದೆ? ಹಳೆಯ ಪುಸ್ತಕಗಳಲ್ಲಿ ಒಂದು ಉತ್ತರವಿತ್ತು: ಮೇಲಿನಿಂದ ಒತ್ತಿದಾಗ ಮಂಜು ಕರಗಿ ನೀರಾಗುತ್ತದೆ, ಆ ನೀರಿನ ಮೇಲೆ ವಸ್ತು ಜಾರುತ್ತದೆ. ಒತ್ತಿದರೆ ಮಂಜು ಕರಗುವುದು ನಿಜ. ಆದರೆ ಎಷ್ಟು? ನಮ್ಮ ಸುತ್ತಲಿನ ಗಾಳಿಯ ಒತ್ತಡದ ನೂರು ಪಟ್ಟು ಒತ್ತಿದರೂ ಕರಗುವ ಬಿಂದು ಒಂದು ಡಿಗ್ರಿಯಷ್ಟೂ ಕೆಳಗಿಳಿಯುವುದಿಲ್ಲ. ಇಂಥ ಜೆಟ್‌ನ ಟೈರಿನ ಒತ್ತಡ ಹತ್ತು ಹನ್ನೆರಡು ಪಟ್ಟು. ಅದರಿಂದ ಆಗುವುದು ಒಂದು ಡಿಗ್ರಿಯ ಹತ್ತರಲ್ಲೊಂದು ಭಾಗ. ಹಾಗಾದರೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಮಂಜು ಜಾರುವುದೇಕೆ? 1850ರಲ್ಲಿಯೇ ಮೈಕೆಲ್ ಫ್ಯಾರಡೆ ಒಂದು ವಿಚಾರ ಮುಂದಿಟ್ಟಿದ್ದರು. ಎರಡು ಮಂಜಿನ ತುಂಡುಗಳನ್ನು ತಾಗಿಸಿಟ್ಟರೆ ಅಂಟಿಕೊಂಡು ಒಂದಾಗುತ್ತವೆ. ಮಂಜಿನ ಮೈಮೇಲೆ ಯಾವಾಗಲೂ ತೆಳ್ಳಗಿನ ನೀರಿನಂಥ ಪೊರೆ ಇರುವುದರಿಂದಲೇ ಹೀಗಾಗುತ್ತದೆ ಎಂದು ಅವರು ಊಹಿಸಿದರು. ಮೇಲ್ಮೈಯಲ್ಲಿರುವ ಅಣುಗಳಿಗೆ ಮೇಲುಗಡೆ ಹಿಡಿದುಕೊಳ್ಳಲು ಜೊತೆಯ ಅಣುಗಳಿಲ್ಲ, ಆದ್ದರಿಂದ ಅವು ಸಡಿಲವಾಗಿರುತ್ತವೆ ಎಂದು ಈಗ ನಮಗೆ ತಿಳಿದಿದೆ. ಉಜ್ಜಿದಾಗ ಹುಟ್ಟುವ ಶಾಖವೂ ಸೇರುತ್ತದೆ.

ಇದರಿಂದ ಒಂದು ವಿಚಿತ್ರ ಸಂಗತಿ ಹೊರಡುತ್ತದೆ. ಕಡು ಚಳಿಯ ಮಂಜಿಗಿಂತ ಕರಗುವ ಹೊತ್ತಿಗೆ ಬಂದ ಮಂಜು ಹೆಚ್ಚು ಅಪಾಯಕಾರಿ. ಮೇಲೆ ನೀರು ನಿಂತ ಮಂಜುಗಡ್ಡೆಗಿಂತ ಕೆಟ್ಟ ನೆಲ ವಿಮಾನಕ್ಕೆ ಇನ್ನೊಂದಿಲ್ಲ. ‘ಇವತ್ತು ಚಳಿ ಕಡಿಮೆ, ಭಯವಿಲ್ಲ’ ಎಂದುಕೊಂಡವರು ಮೋಸ ಹೋಗುತ್ತಾರೆ.

ಈಗ ಇನ್ನೊಂದು ರಾತ್ರಿಯ ಕಥೆಗೆ ಬರುತ್ತೇನೆ. ಇದರ ವಿಮಾನ ಅಷ್ಟು ಚಿಕ್ಕದಲ್ಲ, ಆದರೆ ಇದನ್ನು ಬಿಟ್ಟು ಈ ವಿಷಯ ಬರೆಯಲು ನನಗೆ ಮನಸ್ಸು ಬರುವುದಿಲ್ಲ.

2005ರ ಡಿಸೆಂಬರ್ 8, ಷಿಕಾಗೋ ನಗರದ ಮಿಡ್‌ವೇ ವಿಮಾನ ನಿಲ್ದಾಣ. ಸಂಜೆ ಏಳು ಗಂಟೆ ದಾಟಿತ್ತು, ಹಿಮ ಬೀಳುತ್ತಿತ್ತು. ಈ ನಿಲ್ದಾಣ ಊರಿನ ನಡುವೆ ಸಿಕ್ಕಿಹಾಕಿಕೊಂಡಿದೆ. ಬೇಲಿಯ ಆಚೆಗೇ ರಸ್ತೆ, ಮನೆ. ಸೌತ್‌ವೆಸ್ಟ್ ಕಂಪನಿಯ ಬೋಯಿಂಗ್ 737 ವಿಮಾನ 103 ಜನರನ್ನು ಹೊತ್ತು ಬಂತು. ರನ್‌ವೇ ಹೇಗಿದೆ ಎಂದು ಮುಂಚೆ ಇಳಿದ ವಿಮಾನಗಳವರು ಹೇಳಿದ್ದರು. ಮೊದಲ ಅರ್ಧ ‘ಚೆನ್ನಾಗಿದೆ’ ಅಥವಾ ‘ಪರವಾಗಿಲ್ಲ’, ಎರಡನೆಯ ಅರ್ಧ ‘ಚೆನ್ನಾಗಿಲ್ಲ’. ನೋಡಿದಿರಾ, ನಮ್ಮ ಚಪ್ಪಡಿ ಕಲ್ಲಿನ ಕಥೆಯೇ. ಪೈಲಟ್‌ಗಳು ತಮ್ಮ ಲ್ಯಾಪ್‌ಟಾಪ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ‘ಪರವಾಗಿಲ್ಲ’ ಎಂದು ಕೊಟ್ಟರೆ ವಿಮಾನ ನಿಂತ ಮೇಲೂ 500 ಅಡಿಗಿಂತ ಹೆಚ್ಚು ರನ್‌ವೇ ಉಳಿಯುತ್ತದೆ ಎಂದು ಉತ್ತರ ಬಂತು. ‘ಚೆನ್ನಾಗಿಲ್ಲ’ ಎಂದು ಕೊಟ್ಟರೆ ಉಳಿಯುವುದು 50 ಅಡಿಗೂ ಕಡಿಮೆ. ಒಂದು ಶಬ್ದ ಬದಲಾದರೆ ಇಷ್ಟು ವ್ಯತ್ಯಾಸ.

ಅದೂ ಸಾಲದೆಂಬಂತೆ, ನೆಲ ಮುಟ್ಟಿದ ಕೂಡಲೇ ರಿವರ್ಸ್ ಥ್ರಸ್ಟ್ ಹಾಕುತ್ತಾರೆ ಎಂದು ಆ ಕಂಪ್ಯೂಟರ್ ತಾನಾಗಿಯೇ ಎಣಿಸಿಕೊಂಡಿತ್ತು. ಪೈಲಟ್‌ಗಳಿಗೆ ಅದು ಗೊತ್ತಿರಲಿಲ್ಲ. ತಾನಾಗಿ ಹಾಕಿಕೊಳ್ಳುವ ಬ್ರೇಕಿನ ವ್ಯವಸ್ಥೆಯನ್ನು ಅವರು ಅಂದೇ ಮೊದಲ ಸಲ ಬಳಸಿದ್ದರು, ಗಮನ ಅತ್ತ ಹೋಯಿತು. ರಿವರ್ಸ್ ಥ್ರಸ್ಟ್ ಕೆಲಸ ಮಾಡಲು ಆರಂಭಿಸಿದ್ದು ನೆಲ ಮುಟ್ಟಿ 18 ಸೆಕೆಂಡ್ ಆದ ಮೇಲೆ. ಗಾಳಿಯೂ ಹಿಂದಿನಿಂದ ಬೀಸುತ್ತಿತ್ತು, ಗಂಟೆಗೆ ಸುಮಾರು 15 ಕಿಲೋಮೀಟರ್. ಅದೇನು ಮಹಾ ಎನ್ನಬೇಡಿ. ಅದು ಸೆಕೆಂಡಿಗೆ 4 ಮೀಟರ್ ಆಯಿತು. ನಮ್ಮ ಲೆಕ್ಕದ 60ಕ್ಕೆ 4 ಕೂಡಿಸಿ, 64ನ್ನು 64ರಿಂದ ಗುಣಿಸಿ: 4,096. ಮಂಜಿನ ಮೇಲೆ ಹೆಚ್ಚುಕಡಿಮೆ 500 ಮೀಟರ್ ಜಾಸ್ತಿ ಬೇಕಾಯಿತು!

ವಿಮಾನ ರನ್‌ವೇ ದಾಟಿತು, ಬೇಲಿ ಮುರಿಯಿತು, ರಸ್ತೆಗೆ ನುಗ್ಗಿ ಅಲ್ಲಿದ್ದ ಕಾರಿಗೆ ಬಡಿಯಿತು. ಕಾರಿನಲ್ಲಿ ಮನೆಯವರ ಜೊತೆ ಹೋಗುತ್ತಿದ್ದ ಆರು ವರ್ಷದ ಒಬ್ಬ ಹುಡುಗ ಸತ್ತುಹೋದ. ವಿಮಾನದಲ್ಲಿದ್ದವರು ಯಾರೂ ಸಾಯಲಿಲ್ಲ. ಎಂದೂ ಆ ವಿಮಾನ ಹತ್ತದ, ಒಂದನೆಯ ತರಗತಿಯ ವಯಸ್ಸಿನ ಮಗು ಸತ್ತಿತು.

ಎರಡು ಅಪಘಾತಗಳ ನಡುವೆ, 2007ರ ಫೆಬ್ರವರಿ 18ರಂದು ಕ್ಲೀವ್‌ಲ್ಯಾಂಡ್ ನಗರದಲ್ಲಿಯೂ ಹಿಮದ ನಡುವೆ 75 ಜನರಿದ್ದ ಜೆಟ್ ಒಂದು ಹೀಗೆಯೇ ತುದಿ ದಾಟಿ ಬೇಲಿಗೆ ಬಡಿಯಿತು. ಅಲ್ಲಿಯೂ ಕ್ಯಾಪ್ಟನ್ ನಿದ್ದೆಗೆಟ್ಟು ದಣಿದಿದ್ದರು. ರಜೆ ಕೇಳಿದರೆ ಕಂಪನಿಯ ಹಾಜರಿ ನಿಯಮದಿಂದ ತೊಂದರೆಯಾದೀತೆಂದು ಕೆಲಸಕ್ಕೆ ಬಂದಿದ್ದರು. ರನ್‌ವೇ ಕಣ್ಣಿಗೆ ಮರೆಯಾದಾಗ ಮತ್ತೆ ಮೇಲೇರದೆ ಇಳಿದುಬಿಟ್ಟರು. ಹದಿನೇಳು ತಿಂಗಳೊಳಗೆ ಮೂರು ವಿಮಾನಗಳು!

ಮಿಡ್‌ವೇ ಅಪಘಾತದ ಮೇಲೆ ಅಮೆರಿಕದವರು ವಿಮಾನ ಕಂಪನಿ, ವಿಮಾನ ತಯಾರಕರು, ನಿಲ್ದಾಣದವರು ಎಲ್ಲರನ್ನೂ ಕೂರಿಸಿ ಒಂದು ಹೊಸ ಕ್ರಮ ತಯಾರಿಸಿದರು. ಅಲಾಸ್ಕಾದಂಥ ಹಿಮದ ನಾಡಿನ ನಿಲ್ದಾಣಗಳಲ್ಲಿ ಪರೀಕ್ಷಿಸಿದರು. 2016ರ ಅಕ್ಟೋಬರ್ 1ರಿಂದ ಅದು ಅಮೆರಿಕದಲ್ಲಿ ಜಾರಿಗೆ ಬಂತು. ಲೋಕಕ್ಕೆಲ್ಲ ಒಂದೇ ಬಗೆಯ ಕ್ರಮವನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2021ರ ನವೆಂಬರ್ 4ರಿಂದ ಜಾರಿಗೆ ತಂದಿತು. ಆ ಹುಡುಗ ಸತ್ತು ಹತ್ತು ವರ್ಷ ಕಳೆದ ಮೇಲೆ ಮೊದಲನೆಯದು, ಹದಿನಾರು ವರ್ಷಕ್ಕೆ ಎರಡನೆಯದು. ಪರೀಕ್ಷೆ ಮಾಡಲು ಸಮಯ ಬೇಕು, ಒಪ್ಪುತ್ತೇನೆ. ಆದರೂ ಇದು ನಿಧಾನವಾಯಿತೆಂದೇ ನನ್ನ ಅಭಿಪ್ರಾಯ.

ಆ ಕ್ರಮ ಏನು? ರನ್‌ವೇಗೆ ಅಂಕ ಕೊಡುವುದು! ಆರಕ್ಕೆ ಇಷ್ಟು ಎಂದು. ಒಣಗಿದ ನೆಲಕ್ಕೆ 6. ಒದ್ದೆ ನೆಲಕ್ಕೆ ಅಥವಾ ಇಬ್ಬನಿ ಹೆಪ್ಪುಗಟ್ಟಿದ ನೆಲಕ್ಕೆ 5. ಮೂರು ಮಿಲಿಮೀಟರಿಗಿಂತ ಆಳವಾಗಿ ಹಿಮ ಬಿದ್ದಿದ್ದರೆ 3. ಅಷ್ಟೇ ಆಳ ನೀರು ನಿಂತಿದ್ದರೆ 2. ಮಂಜುಗಡ್ಡೆಗೆ 1. ಮೇಲೆ ನೀರು ನಿಂತ ಮಂಜುಗಡ್ಡೆಗೆ ಸೊನ್ನೆ, ಅಲ್ಲಿ ಯಾರೂ ಇಳಿಯುವಂತಿಲ್ಲ, ಸರಿಪಡಿಸುವ ತನಕ ಮುಚ್ಚಬೇಕು. ರನ್‌ವೇಯನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ ಬೇರೆ ಬೇರೆ ಅಂಕ ಕೊಡುತ್ತಾರೆ. ‘5/5/3’ ಎಂದು ಬಂದರೆ ಕೊನೆಯ ಭಾಗದಲ್ಲಿ ಹಿಡಿತ ಕಡಿಮೆ ಎಂದು ಎಲ್ಲ ಪೈಲಟ್‌ಗಳಿಗೂ ಒಂದೇ ಅರ್ಥವಾಗುತ್ತದೆ. ವಿಮಾನ ತಯಾರಿಸಿದವರು ಪ್ರತಿ ಅಂಕಕ್ಕೂ ಎಷ್ಟು ಉದ್ದ ಬೇಕೆಂಬ ಪಟ್ಟಿ ಕೊಡುತ್ತಾರೆ. ಅದರ ಮೇಲೆ ಕನಿಷ್ಠ ನೂರಕ್ಕೆ ಹದಿನೈದರಷ್ಟು ಹೆಚ್ಚು ಉದ್ದ ಇಟ್ಟುಕೊಳ್ಳಿ ಎಂದು ಅಮೆರಿಕದ ವಿಮಾನಯಾನ ಇಲಾಖೆ 2006ರಲ್ಲಿಯೇ ಸಲಹೆ ನೀಡಿತ್ತು.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಅಂಶವಿದೆ. ಈ ಅಂಕ ಬರುವುದು ಮುಖ್ಯವಾಗಿ ಯಾವುದೋ ದುಬಾರಿ ಯಂತ್ರದಿಂದಲ್ಲ. ನೆಲದ ಮೇಲೆ ಬಿದ್ದಿರುವುದು ಏನು, ಎಷ್ಟು ಆಳ, ಎಷ್ಟು ಚಳಿ, ಎಷ್ಟು ಜಾಗ ಮುಚ್ಚಿದೆ ಎಂದು ಹೋಗಿ ನೋಡುವುದರಿಂದ ಬರುತ್ತದೆ. ಹಿಡಿತ ಅಳೆಯುವ ಯಂತ್ರಗಳು ಮೊದಲೇ ಇದ್ದವು. ಗಟ್ಟಿ ಮಂಜಿನ ಮೇಲೆ ಅವು ಸರಿಯಾಗಿ ಕೆಲಸ ಮಾಡುತ್ತವೆ, ಹಸಿ ಹಿಮ ಮತ್ತು ಕೆಸರಿನಂಥ ಹಿಮದ ಮೇಲೆ ಅವುಗಳ ಅಂಕಿಯನ್ನು ನಂಬುವಂತಿಲ್ಲ. ಪ್ರಯೋಗ ಎಂದರೆ ದೊಡ್ಡ ಸಾಮಾನು ಬೇಕು ಎಂದು ಅಳುವ ಶಿಕ್ಷಕರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ಬಾಗಿ ನೋಡುವ ಬೆನ್ನು, ಒಂದು ಅಳತೆಪಟ್ಟಿ, ಇವೇ ಮೊದಲ ಸಾಮಾನು.

‘ಅನುಭವ ಇರುವ ಪೈಲಟ್‌ಗೆ ಈ ಅಂಕಿ ಯಾಕೆ, ಅವರಿಗೆ ನೋಡಿದರೇ ಗೊತ್ತಾಗುತ್ತದೆ’ ಎನ್ನುವವರು ಇದ್ದಾರೆ. ರಾತ್ರಿಯಲ್ಲಿ, ಹಿಮದ ನಡುವೆ, ಮೇಲಿನಿಂದ ನೋಡುವವರಿಗೆ ಏನು ಗೊತ್ತಾಗುತ್ತದೆ? ಮಿಡ್‌ವೇಯಲ್ಲಿ ಇಳಿದವರೇನೂ ಹೊಸಬರಲ್ಲ. ಇನ್ನೊಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗಬೇಕು: ಅಂಕಿಯೂ ಮೋಸ ಮಾಡಬಲ್ಲದು. ಟ್ರಾವರ್ಸ್ ಸಿಟಿಯಲ್ಲಿ ಮೊದಲು ಅಳೆದ ಅಂಕಿ ಸರಿಯಾಗಿಯೇ ಇದ್ದಿರಬೇಕು. ಆಮೇಲೆ ಹಿಮ ಬಿದ್ದು ಅದು ಹಳಸಿಹೋಯಿತು. ಬೆಳಗಿನ ಅನ್ನ ರಾತ್ರಿಗೆ ಹಳಸುವ ಹಾಗೆ, ಹಿಮ ಬೀಳುವಾಗ ಅಂಕಿ ಕಾಲು ಗಂಟೆಯೊಳಗೆ ಹಳಸಬಹುದು. ಆದ್ದರಿಂದ ಎಷ್ಟು ಎಂಬುದರ ಪಕ್ಕದಲ್ಲಿ ಎಷ್ಟು ಹೊತ್ತಿಗೆ ಎಂಬುದೂ ಇರಬೇಕು. ಹೊಸ ಕ್ರಮದ ವರದಿಯಲ್ಲಿ ದಿನಾಂಕ, ಸಮಯ ಎರಡನ್ನೂ ಬರೆಯುತ್ತಾರೆ.

ಅಂಕಿ ಸಾಲದು ಎಂದು ಹೇಳಿದರೆ ಏನು ಮಾಡಬೇಕು? ಮತ್ತೆ ಮೇಲೇರಬೇಕು. ಸುತ್ತು ಹಾಕಿ ಕಾಯಬೇಕು, ಇಲ್ಲವೇ ಬೇರೆ ಊರಿಗೆ ಹೋಗಬೇಕು. ಹಾಗೆ ಹೋದ ವಿಮಾನದ ಪ್ರಯಾಣಿಕರು ಸಿಡಿಮಿಡಿಗೊಳ್ಳುತ್ತಾರೆ, ಪೈಲಟ್‌ಗೆ ಕೆಲಸ ಬರುವುದಿಲ್ಲ ಎಂದು ಗೊಣಗುತ್ತಾರೆ. ನನ್ನ ಪ್ರಕಾರ ಅಂಥ ಪೈಲಟ್‌ಗೆ ಚಪ್ಪಾಳೆ ತಟ್ಟಬೇಕು. ಇದು ಹಿಮದ ನಾಡಿಗಷ್ಟೇ ಸೇರಿದ ಮಾತಲ್ಲ. 2010ರ ಮೇ 22ರಂದು ನಮ್ಮ ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕೆಳಗೆ ಬಿದ್ದು 158 ಜನ ಸತ್ತರು. ಅಲ್ಲಿ ಮಂಜೂ ಇರಲಿಲ್ಲ, ಜಾರುವ ನೆಲವೂ ಇರಲಿಲ್ಲ. ವಿಮಾನ ರನ್‌ವೇಯ ಬಹುಭಾಗ ಕಳೆದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣ ಎಂದು ಸಹಪೈಲಟ್ ಹೇಳಿದ್ದರೂ ಕ್ಯಾಪ್ಟನ್ ಇಳಿಸಲು ಮುಂದಾದರು. ಉಳಿದಿರುವ ಉದ್ದ ಎಷ್ಟು, ಬೇಕಾದ ಉದ್ದ ಎಷ್ಟು ಎಂಬ ಲೆಕ್ಕ ಒಣ ನೆಲದಲ್ಲಿಯೂ ತಪ್ಪುವುದಿಲ್ಲ. ಮಳೆಗಾಲದಲ್ಲಿ ನಮ್ಮ ರನ್‌ವೇಗಳೂ 5ಕ್ಕೆ ಇಳಿಯುತ್ತವೆ, ನೀರು ನಿಂತರೆ 2.

ಮಿಡ್‌ವೇಯಲ್ಲಿ ಆಮೇಲೆ ರನ್‌ವೇಯ ತುದಿಗಳಲ್ಲಿ ಇನ್ನೊಂದು ಏರ್ಪಾಡನ್ನೂ ಮಾಡಿದರು. ಸುಲಭವಾಗಿ ಪುಡಿಯಾಗುವ ಹಗುರ ಸಿಮೆಂಟಿನ ಇಟ್ಟಿಗೆಗಳ ಹಾಸು. ಓಡಿಬಂದ ವಿಮಾನದ ಚಕ್ರ ಅದರಲ್ಲಿ ಹೂತುಕೊಂಡು ನಿಲ್ಲುತ್ತದೆ, ಮರಳಿನಲ್ಲಿ ಸೈಕಲ್ ಹೂತುಕೊಳ್ಳುವ ಹಾಗೆ. 2016ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಮಳೆಯ ನಡುವೆ ತುದಿ ದಾಟಿದ ಒಂದು ವಿಮಾನವನ್ನು ಇಂಥ ಹಾಸು ಹಿಡಿದು ನಿಲ್ಲಿಸಿತು. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಮೈಕ್ ಪೆನ್ಸ್ ಅದರಲ್ಲಿದ್ದರು. ಯಾರಿಗೂ ಗಾಯವಾಗಲಿಲ್ಲ.

ಇನ್ನು ನಮ್ಮ ಚಪ್ಪಡಿ ಕಲ್ಲಿಗೆ ಬರೋಣ. ಆ ಶಾಲೆಯ ವಿಜ್ಞಾನ ಕಿಟ್‌ನಲ್ಲಿ ಸ್ಪ್ರಿಂಗ್ ತಕ್ಕಡಿ ಇತ್ತು. ಒಂದು ಇಟ್ಟಿಗೆಯ ಕೆಳಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕಟ್ಟಿದೆವು. ಮೊದಲು ತಕ್ಕಡಿಗೆ ನೇತುಹಾಕಿ ತೂಗಿದೆವು. ಆಮೇಲೆ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಒಣಗಿದ ಜಗಲಿಯ ಮೇಲೆ ಎಳೆದೆವು, ಬಳಿಕ ಪಾಚಿ ಕಟ್ಟಿದ ಕಲ್ಲಿನ ಮೇಲೆ ಎಳೆದೆವು. ಎಳೆಯುವಾಗ ತಕ್ಕಡಿ ತೋರಿಸಿದ ಅಂಕಿಯನ್ನು ಇಟ್ಟಿಗೆಯ ತೂಕದಿಂದ ಭಾಗಿಸಿದರೆ ಹಿಡಿತದ ಅಂಕಿ ಸಿಗುತ್ತದೆ. ಜಗಲಿಯ ಮೇಲೆ 0.6 ಬಂತು, ಕಲ್ಲಿನ ಮೇಲೆ 0.2. ನೀವೂ ಮಾಡಿ ನೋಡಿ. ಆದರೆ ಕಲ್ಲಿನ ಮೇಲೆ ನಿಲ್ಲಬೇಡಿ, ಬದಿಯ ಒಣ ನೆಲದಲ್ಲಿ ಕುಳಿತು ದಾರ ಕಟ್ಟಿ ಎಳೆಯಿರಿ.

ಒಂದು ರಟ್ಟಿನ ಮೇಲೆ ‘0.2’ ಎಂದು ದೊಡ್ಡದಾಗಿ ಬರೆದು ತೊಟ್ಟಿಯ ಪಕ್ಕದ ಗೋಡೆಗೆ ತೂಗುಹಾಕಿದೆವು. ಊಟದ ಗಂಟೆ ಬಾರಿಸಿತು. ಬಿಸಿಯೂಟ ಮುಗಿಸಿ ತಟ್ಟೆ ತೊಳೆಯಲು ಹೋದವರಲ್ಲಿ ಮೊಣಕೈ ತರಚಿಕೊಂಡ ಹುಡುಗನೂ ಇದ್ದ. ಅಷ್ಟರಲ್ಲಿ ಒಂದು ಮಳೆ ಬಂದು ಹೋಗಿತ್ತು. ಅವನು ಓಡಿಬಂದು ಹೇಳಿದ: “ಸಾರ್, ರಟ್ಟಿನಲ್ಲಿ ಎಷ್ಟು ಗಂಟೆಗೆ ಅಂತ ಬರೆದೇ ಇಲ್ಲ. ಅದು ಮಳೆಗೆ ಮುಂಚಿನ ಅಂಕಿ. ತಕ್ಕಡಿ ಎಲ್ಲಿಟ್ರಿ?”